ಹಿಂದಿನ ಸಾಲಿಗೆ ಕಾಣುವ ಹಾಗೆ

ನೇಸರಿ
16 ಜೂನ್ 1941

ಪೂಜ್ಯ ಹೀರಾಬಾಯಿಯವರಿಗೆ ಬಾಳಕ್ಕನ ನಮಸ್ಕಾರಗಳು.

ನಾನು ನೇಸರಿಗೆ ಬಂದು ಎಂಟು ದಿನವಾಯಿತು. ಗಡಹಿಂಗ್ಲಜದವರೆಗೆ ಮೋಟಾರು ಸಿಕ್ಕಿತು. ಅಲ್ಲಿಂದ ಮುಂದೆ, ಪೇಟೆಯಲ್ಲಿ ಬೆಲ್ಲ ಇಳಿಸಿ ಊರಿಗೆ ಮರಳುತ್ತಿದ್ದ ಒಂದು ಚಕ್ಕಡಿ. ಚಕ್ಕಡಿಯ ಹಲಗೆಗೆ ಅಂಟಿದ್ದ ಬೆಲ್ಲವೆಲ್ಲ ನನ್ನ ಸೀರೆಗೆ ಅಂಟಿ, ಮೊದಲನೆಯ ದಿನ ನನ್ನ ಹಿಂದೆ ಶಾಲೆಗೆ ಹುಡುಗಿಯರಿಗಿಂತ ಹೆಚ್ಚಾಗಿ ಇರುವೆಗಳೇ ಬಂದವು.

ಶಾಲೆ ಎಂದರೆ ಚಾವಡಿಗೆ ಹತ್ತಿಕೊಂಡಿರುವ ಉದ್ದನೆಯ ಪಡಸಾಲೆ. ಇರುವ ಒಂದೇ ಕಿಟಕಿ ಕರಿಹಲಗೆಯ ಹತ್ತಿರ. ಇಪ್ಪತ್ತಮೂರು ಹುಡುಗಿಯರು ಐದು ಸಾಲಾಗಿ ಕೂರುತ್ತಾರೆ. ಐದನೆಯ ಸಾಲು ಅರ್ಧ ಕತ್ತಲಲ್ಲಿ. ಊರ ಪಾಟೀಲರಾದ ಭೀಮಗೊಂಡರು ಮೊದಲನೆಯ ದಿನವೇ ಬಂದು ಬಾಗಿಲಲ್ಲಿ ನಿಂತು ಹೇಳಿದರು: "ಅಕ್ಕೋರ, ಖರೇ ಮಾತು ಹೇಳ್ತೀನ್ರಿ. ನಿಮಗಿನ್ನೂ ಸರ್ಟಿಫಿಕೇಟ ಕೈಗೆ ಬಂದಿಲ್ಲ, ಈ ವರ್ಷ ನಿಮ್ಮದು ಉಮೇದವಾರಿ ಅಂತ ನನಗ ಗೊತ್ತೈತಿ. ಮಾರ್ಚ್‌ನ್ಯಾಗ ಸಾಲಿ ತಪಾಸಣೀ ದಿಪೂಟಿ ಸಾಹೇಬ್ರು ಬಂದು, ನಿಮ್ಮ ಪಾಠ ನೋಡಿ ಪಾಸ್ ಅಂದ್ರ ಈ ಹೆಣ್ಣಮಕ್ಕಳ ಸಾಲಿ ಉಳೀತೈತಿ. ಇಲ್ಲಂದ್ರ ಹುಡಿಗ್ಯಾರ್ನೆಲ್ಲಾ ಗಂಡುಹುಡುಗರ ಸಾಲಿಗೆ ಕೂಡಸ್ತಾರ. ಆವಾಗ ಒಬ್ಬ ಅಪ್ಪನೂ ಮಗಳ್ನ ಕಳಸಂಗಿಲ್ಲ ನೋಡ್ರಿ."

ಈ ವರ್ಷ ನನ್ನ ಪಾಠಗಳನ್ನು ತಿದ್ದುವ ಮಾರ್ಗದರ್ಶಿ ನೀವು ಎಂಬುದೊಂದೇ ಧೈರ್ಯ. ಕೊಲ್ಹಾಪುರದ ತರಬೇತಿಯಲ್ಲಿ ನಾನು ಮೊದಲ ಪಾಠ ಮಾಡಿದ ದಿನ ಹಲಗೆಯ ಮೇಲೆ ಬರೆಯುವ ಸುಣ್ಣದ ಖಡು ನನ್ನ ಕೈಯಿಂದ ಮೂರು ಸಲ ಬಿದ್ದಿತ್ತು. ಹಿಂದೆ ಕೂತಿದ್ದ ನೀವು ಎದ್ದು ಬಂದು ನಾಲ್ಕನೆಯ ಖಡುವನ್ನು ನನ್ನ ಅಂಗೈಯಲ್ಲಿಟ್ಟು, "ಬಿದ್ದಿದ್ದು ಖಡು, ನೀ ಅಲ್ಲ" ಅಂದಿರಿ. ಆಮೇಲೆ ನನ್ನ ಅಕ್ಷರವನ್ನು ಹೊಗಳಿದಿರಿ. ಈಗ ನೀವು ಇಚಲಕರಂಜಿಗೆ ವರ್ಗವಾಗಿ ಹೋಗಿದ್ದೀರಿ, ನಾನು ಇಲ್ಲಿ. ನಡುವೆ ಟಪಾಲೇ ಗತಿ.

ಉದಗಾಂವದಲ್ಲಿರುವ ನಮ್ಮಣ್ಣ ಅಣ್ಣಾಸಾಹೇಬ, "ಒಂದು ವರ್ಷ ನೋಡು, ಆಗಲಿಲ್ಲ ಅಂದ್ರ ಮನೀಗೆ ಬಾ" ಎಂದು ಕಳಿಸಿದ್ದಾನೆ. ಅವ್ವ ಹೋದಾಗ ನನಗೆ ಐದು ವರ್ಷ. ಅಲ್ಲಿಂದ ನನ್ನನ್ನು ಸಾಕಿದವನು ಅವನೇ. ಆದರೆ ನನಗೆ ಮರಳಿ ಹೋಗುವ ಮನಸ್ಸಿಲ್ಲ ಬಾಯಿ. ಈ ಕೆಲಸ ನನಗೆ ಬೇಕು.

'ಆಕಳು' ಪಾಠದ ಟಿಪ್ಪಣಿ ಇದರೊಂದಿಗೆ ಇದೆ. ನೋಡಿ ಸಹಿ ಮಾಡಿ ಕಳಿಸಬೇಕು.

ನಿಮ್ಮ ವಿದ್ಯಾರ್ಥಿನಿ,
ಬಾಳಕ್ಕ


ಇಚಲಕರಂಜಿ
27 ಜೂನ್ 1941

ಚಿ. ಬಾಳಕ್ಕನಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಇರುವೆಗಳ ಹಾಜರಿ ಹಾಕಿದೆಯೋ ಇಲ್ಲವೋ ಬರೆದಿಲ್ಲ.

ನಿನ್ನ ಆಕಳಿನ ಪಾಠ ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನೇಸರಿಯಂಥ ಹಾಲಿನ ಊರು. ಬೆಳಿಗ್ಗೆ ಎದ್ದು ಸಗಣಿ ಬಳಿದು, ಹಾಲು ಹಿಂಡಿ, ಕೈ ತೊಳೆದುಕೊಂಡು ಶಾಲೆಗೆ ಬಂದ ಹುಡುಗಿಗೆ ನೀನು ಕೇಳುತ್ತೀ: ಆಕಳಿಗೆ ಎಷ್ಟು ಕಾಲು? ಆ ಹುಡುಗಿ ನಿನ್ನನ್ನು ಒದೆಯದೆ ಬಿಟ್ಟದ್ದು ಅವಳ ದೊಡ್ಡತನ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಎಡಗಡೆ ನಿನ್ನ ಪ್ರಶ್ನೆ, ಬಲಗಡೆ ಮಕ್ಕಳ ಉತ್ತರ. "ಆಕಳಿಗೆ ನಾಲ್ಕು ಕಾಲುಗಳಿರುತ್ತವೆ." "ಆಕಳು ಸಾಧುವಾದ ಪ್ರಾಣಿಯಾಗಿದೆ." ಹನ್ನೆರಡು ಪ್ರಶ್ನೆಗೆ ಹನ್ನೆರಡು ಉತ್ತರ, ಒಂದೂ ತಪ್ಪಿಲ್ಲ, ಒಂದೂ ಅರ್ಧ ಮಾತಿಲ್ಲ. ನಿನ್ನ ಪಡಸಾಲೆಯಲ್ಲಿ ಕೂತವರು ಹುಡುಗಿಯರೋ, ಇಪ್ಪತ್ತಮೂರು ವಕೀಲರೋ? ನಾನು ಇಪ್ಪತ್ತೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಂಥ ವರ್ಗ ನನಗೆ ಎಲ್ಲೂ ಸಿಕ್ಕಿಲ್ಲ. ಈ ಉತ್ತರಗಳನ್ನು ನೀನು ಪಾಠಕ್ಕೆ ಮೊದಲೇ ಕೂತು ಬರೆದಿದ್ದೀ. ಹೌದೋ ಅಲ್ಲವೋ?

ಸಹಿ ಮಾಡಿಲ್ಲ. ಮುಂದಿನ ಸಲ ಬಲಗಡೆಯ ಅಂಕಣ ಖಾಲಿ ಬಿಟ್ಟು ಪಾಠಕ್ಕೆ ಹೋಗು. ಅವರು ಏನು ಹೇಳುತ್ತಾರೋ ಅದನ್ನು ಆಮೇಲೆ ತುಂಬು. ತಪ್ಪು ಹೇಳಿದರೆ ತಪ್ಪನ್ನೇ ಬರಿ.

ಮತ್ತೆ, ಅಕ್ಷರ ದೊಡ್ಡದು ಮಾಡು. ಕಪ್ಪು ಶಾಯಿಯಲ್ಲೇ ಬರಿ. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳು ಜಾಗ ಇರಲಿ. ಯುದ್ಧದಿಂದ ಕಾಗದ ತುಟ್ಟಿಯಾಗಿದೆ ಎಂದು ನನಗೂ ಗೊತ್ತು, ಆದರೂ. ಕಾಗದದ ಮೇಲೆ ದೊಡ್ಡದಾಗಿ ಬರೆಯಲು ಬಾರದವಳು ಹಲಗೆಯ ಮೇಲೂ ಬರೆಯಲಾರಳು.

ಊಟ ಹೊತ್ತಿಗೆ ಸರಿಯಾಗಿ ಮಾಡು.

ಹೀರಾಬಾಯಿ


ನೇಸರಿ
15 ಜುಲೈ 1941

ಪೂಜ್ಯ ಬಾಯಿಯವರಿಗೆ ನಮಸ್ಕಾರಗಳು.

ಹೌದು, ಮೊದಲೇ ಬರೆದಿದ್ದೆ. ನಿಮ್ಮ ಪತ್ರ ಓದುವಾಗ ಕಿವಿಯವರೆಗೆ ಬಿಸಿಯಾಯಿತು. ತರಬೇತಿಯಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಿದ್ದೆವು, 'ಅಪೇಕ್ಷಿತ ಉತ್ತರ' ಎಂಬ ಅಂಕಣ ಖಾಲಿ ಉಳಿದರೆ ಅಂಕ ಕಡಿಮೆ. ಆದರೆ ನಿಮಗೆ ಸುಳ್ಳು ಹೇಳಿದ್ದು ತಪ್ಪು.

ಈಗ ನಿಜ ಬರೆಯುತ್ತೇನೆ. ನಾನು ಪ್ರಶ್ನೆ ಕೇಳಿದರೆ ಯಾರೂ ಮಾತಾಡುವುದಿಲ್ಲ. ಪುಸ್ತಕ ಮರಾಠಿ, ನನ್ನ ಪ್ರಶ್ನೆಯೂ ಮರಾಠಿ, ಹುಡುಗಿಯರ ಪಿಸುಮಾತೆಲ್ಲ ಕನ್ನಡದಲ್ಲಿ. ಮುಂದಿನ ಸಾಲಿನಲ್ಲಿ ಪಾಟೀಲರ ಮೊಮ್ಮಗಳು ಅಲಕಾ ಮತ್ತು ಇನ್ನಿಬ್ಬರು ಕೈ ಎತ್ತುತ್ತಾರೆ. ನಾನು ಆ ಮೂವರಿಗೇ ಪಾಠ ಮಾಡಿ ಗಂಟೆ ಹೊಡೆಯುತ್ತೇನೆ. ಉಳಿದ ಇಪ್ಪತ್ತು ಬಾಯಿಗೆ ಬೀಗ. ಕೊನೆಯ ಸಾಲಿನ ಮೂಲೆಯಲ್ಲಿ ಬೀರವ್ವ ಎಂಬ, ಕುರಿ ಕಾಯುವ ಧನಗರರ ಹುಡುಗಿ ಕೂರುತ್ತಾಳೆ. ಹತ್ತು ವರ್ಷ ಇರಬಹುದು. ಅವಳ ದನಿ ಹೇಗಿದೆ ಎಂದೇ ನನಗೆ ಗೊತ್ತಿಲ್ಲ.

ಈ ಸಲದ ಟಿಪ್ಪಣಿಯಲ್ಲಿ ಬಲಗಡೆ ಒಂಬತ್ತು ಕಡೆ "ಉತ್ತರ ಬರಲಿಲ್ಲ" ಎಂದು ಬರೆದಿದ್ದೇನೆ. ಬರೆಯುವಾಗ ಅಳು ಬಂತು. ದಿಪೂಟಿ ಸಾಹೇಬರು ಇದನ್ನು ನೋಡಿದರೆ ಮಾರ್ಚಿನವರೆಗೂ ಕಾಯಲಿಕ್ಕಿಲ್ಲ.

ಬೋರಿನ ಕಡ್ಡಿಯನ್ನು ಲೇಖನಿಯಾಗಿ ಕೊಯ್ದುಕೊಂಡು ದೊಡ್ಡದಾಗಿ ಬರೆದಿದ್ದೇನೆ. ಸಾಕಾಗುತ್ತದೆಯೇ?

ಬಾಳಕ್ಕ


ಇಚಲಕರಂಜಿ
1 ಆಗಸ್ಟ್ 1941

ಚಿ. ಬಾಳಕ್ಕನಿಗೆ ಆಶೀರ್ವಾದ.

ಒಂಬತ್ತು ಸಲ "ಉತ್ತರ ಬರಲಿಲ್ಲ". ಇದು ನೀನು ಬರೆದ ಮೊದಲನೆಯ ಒಳ್ಳೆಯ ಟಿಪ್ಪಣಿ. ಸಹಿ ಮಾಡಿದ್ದೇನೆ, ನೋಡಿಕೋ.

ಈಗ ಹೇಳಿದಂತೆ ಮಾಡು. ಹಲಗೆಯ ಹತ್ತಿರ ನಿಲ್ಲಬೇಡ. ಬರೆಯುವಷ್ಟು ಬರೆದು, ನಡೆದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ನಿಲ್ಲು. ಅಲ್ಲಿಂದ ಪ್ರಶ್ನೆ ಕೇಳು. ನಾನೀಗ ನನ್ನ ಕುರ್ಚಿಯನ್ನೇ ಹಿಂದಕ್ಕೆ ಹಾಕಿಸಿಕೊಂಡಿದ್ದೇನೆ. ಮುಂದಿನ ಸಾಲಿನವರು ಹೇಗೂ ಮಾತಾಡುತ್ತಾರೆ. ಹಿಂದಿನವರಿಗೆ ಟೀಚರು ಎಂದರೆ ದೂರದಲ್ಲಿ ಅಲ್ಲಾಡುವ ಒಂದು ಸೀರೆ, ಅಷ್ಟೇ. ನನ್ನ ವರ್ಗದಲ್ಲಿ ಅರ್ಧ ಹುಡುಗಿಯರು ಮಗ್ಗದ ಕೆಲಸಗಾರರ ಮಕ್ಕಳು, ಅಪ್ಪನ ಪಾಳಿ ಮುಗಿದಾಗ ಎದ್ದು ರೊಟ್ಟಿ ಮಾಡಿಟ್ಟು ಬಂದವರು. ಹಿಂದೆ ಕೂತು ತೂಕಡಿಸುತ್ತಾರೆ. ಪಕ್ಕದಲ್ಲಿ ಹೋಗಿ ನಿಂತ ಮೇಲೆ ಅವರ ಉಸಿರಿನಿಂದಲೇ ನನಗೆ ಯಾರು ಎಚ್ಚರ, ಯಾರು ನಿದ್ದೆ ಎಂದು ತಿಳಿಯುತ್ತದೆ.

ಇನ್ನೊಂದು. ಗೊತ್ತಿರುವುದನ್ನು ಕೇಳಬೇಡ. ನಿನಗೇ ಉತ್ತರ ಬೇಕು ಅನಿಸುವಂಥದ್ದನ್ನು ಕೇಳು. ಮರಾಠಿಯಲ್ಲಿ ಬಾರದಿದ್ದರೆ ಬಂದ ಮಾತಿನಲ್ಲಿ ಹೇಳಲಿ, ಮರಾಠಿಗೆ ನೀನು ತಿರುಗಿಸಿ ಹಲಗೆಯ ಮೇಲೆ ಬರಿ. ಆಮೇಲೆ ಆ ಬೀರವ್ವ ಏನು ಹೇಳಿದಳು, ಹೇಳುವಾಗ ಕೈ ಏನು ಮಾಡುತ್ತಿತ್ತು, ಎಲ್ಲ ನನಗೆ ವಿವರವಾಗಿ ಬರಿ. ನೋಡಿದ ಹಾಗೆ ಆಗಬೇಕು.

ಅಕ್ಷರ ಇನ್ನೂ ದೊಡ್ಡದು. ಎರಡು ಬೆರಳು ಜಾಗ ಬಿಡು.

ಹೀರಾಬಾಯಿ


ನೇಸರಿ
5 ಸೆಪ್ಟೆಂಬರ್ 1941

ಪೂಜ್ಯ ಬಾಯಿಯವರಿಗೆ ಬಾಳಕ್ಕನ ಸಾವಿರ ನಮಸ್ಕಾರ.

ಬೀರವ್ವ ಮಾತಾಡಿದಳು!

ಮೊದಲು ಹಿಂದೆ ಹೋಗಿ ನಿಂತಾಗ ಇಪ್ಪತ್ತಮೂರು ಕತ್ತುಗಳೂ ನನ್ನೊಂದಿಗೆ ಹಿಂದಕ್ಕೆ ತಿರುಗಿದವು. ಅಲಕಾ ಅಂತೂ ಎದ್ದು, "ಅಕ್ಕೋರ, ನಿಮ್ಮ ಜಾಗಾ ಇಲ್ಲೈತ್ರಿ" ಎಂದಳು. ನಾಲ್ಕು ದಿನದಲ್ಲಿ ರೂಢಿಯಾಯಿತು. ಅಲ್ಲಿಂದ ನೋಡಿದಾಗ ನನಗೇ ಗೊತ್ತಾಯಿತು, ನಾನು ಹಲಗೆಯ ಮೇಲೆ ಬರೆದದ್ದು ಆ ಸಾಲಿಗೆ ಬರೀ ಇರುವೆಯ ಸಾಲು. ನೀವು ಅಕ್ಷರ ದೊಡ್ಡದು ಮಾಡು ಎಂದದ್ದು ಯಾಕೆ ಎಂದು ಆವಾಗ ತಿಳಿಯಿತು. ಮೂರು ತಿಂಗಳು ಆ ಮಕ್ಕಳು ಕಾಣದ ಪಾಠಕ್ಕೆ ಸುಮ್ಮನೆ ಕೂತಿದ್ದರು.

ಹೋದ ಮಂಗಳವಾರ ಕೇಳಿದೆ: ನಿನ್ನೆ ಸಂಜೆ ಹಿಂಡಿದ ಹಾಲು ಇವತ್ತು ಯಾಕೆ ಒಡೆಯಿತು? ಬಂದ ಉತ್ತರ ಇದ್ದ ಹಾಗೆ ಬರೆಯುತ್ತೇನೆ. "ದೃಷ್ಟಿ ಆತ್ರಿ." "ಗುಡುಗಿತ್ತಲ್ರಿ, ಅದು ಅಂಜಿ ಒಡದೈತಿ." "ಬೆಕ್ಕು ನೋಡಿತ್ರಿ." ನಾನು ಎಲ್ಲವನ್ನೂ ಹಲಗೆಗೆ ಏರಿಸಿದೆ. ಆಗ ನನ್ನ ಮಂಡಿಯ ಹತ್ತಿರದಿಂದ ಒಂದು ದನಿ: "ಗಡಿಗಿ ತೊಳದಿದ್ದಿಲ್ಲೇನ್ರಿ? ನಮ್ಮವ್ವ ಗಡಿಗೀಗೆ ಹೊಗೀ ಹಿಡದು ಹಾಲ ಹಾಕ್ತಾಳ. ನಮ್ಮ ಹಾಲ ಒಡ್ಯಾಂಗಿಲ್ಲ." ದಪ್ಪ ದನಿ ಬಾಯಿ, ಗಂಡಸಿನ ಹಾಗೆ. ಹೇಳುವಾಗ ಎರಡೂ ಕೈಯಿಂದ ಗಾಳಿಯಲ್ಲಿ ಗಡಿಗೆ ಹಿಡಿದು ಹೊಗೆಯ ಮೇಲೆ ತಿರುಗಿಸುತ್ತಿದ್ದಳು. ಇಡೀ ವರ್ಗ ಅವಳ ಕಡೆ ನೋಡಿತು.

ನಿಮ್ಮ ಪತ್ರಗಳಲ್ಲಿ ಕಾಗದ ಮಡಿಸಿ ಮಡಿಕೆಯ ಗುರುತಿನ ಮೇಲೆ ಸಾಲು ಬರೆದದ್ದು ಕಂಡೆ. ನಾನೂ ಹುಡುಗಿಯರಿಗೆ ಹಾಗೆ ಮಡಿಸಿಕೊಟ್ಟೆ. ಓಡಾಡುತ್ತಿದ್ದ ಸಾಲುಗಳು ನೆಟ್ಟಗಾದವು. ಎಷ್ಟು ಒಳ್ಳೆಯ ಉಪಾಯ!

ಒಂದು ಮಾತು ಕೇಳಲೇ? ಪ್ರತಿ ಪತ್ರದಲ್ಲಿ ಅಕ್ಷರ, ಅಕ್ಷರ ಎನ್ನುತ್ತೀರಿ. ಕೊಲ್ಹಾಪುರದಲ್ಲಿ ಹೊಗಳಿದ್ದಿರಿ. ನನ್ನ ಅಕ್ಷರ ಅಷ್ಟು ಕೆಟ್ಟಿದೆಯೇ? ಈ ಪತ್ರವನ್ನು ಮೂರು ಸಲ ಬರೆದಿದ್ದೇನೆ.

ಬಾಳಕ್ಕ

(ಶಾಯಿ ಮುಗಿಯಿತು, ಉಳಿದದ್ದು ಪೆನ್ಸಿಲ್ಲಿನಲ್ಲಿ, ಇದ್ದ ಚೂರು ಜಾಗದಲ್ಲಿ ಬರೆಯುತ್ತಿದ್ದೇನೆ. ದೀಪಾವಳಿ ಆದ ಮೇಲೆ ಬೀರವ್ವನನ್ನು ಕುರಿ ಹಿಂಡಿನ ಜೊತೆ ಕರೆದೊಯ್ಯುತ್ತೇನೆಂದು ಅವಳ ಅವ್ವ ಯಮುನವ್ವ ಹೇಳಿದ್ದಾಳೆ. ಹೋದರೆ ಮಳೆಗಾಲದವರೆಗೆ ಬರುವುದಿಲ್ಲ. ನಾನು ಏನು ಮಾಡಲಿ, ದಯವಿಟ್ಟು ತಿಳಿಸಿ. ಇನ್ನೊಂದು. ನಮ್ಮವ್ವ ಇದ್ದಿದ್ದರೆ ನಿಮ್ಮ ಹಾಗೇ ಬೈದು, ಕೊನೆಗೆ ಊಟ ಮಾಡು ಅನ್ನುತ್ತಿದ್ದಳು ಅನಿಸುತ್ತದೆ. ಪತ್ರದಲ್ಲಿ ನಿಮ್ಮನ್ನು ಅವ್ವಾ ಎಂದು ಕರೆಯಲೇ? ಬೇಡವೆಂದರೆ ಆ ವಿಷಯ ಏನೂ ಬರೆಯಬೇಡಿ, ನಾನು ತಿಳಿದುಕೊಳ್ಳುತ್ತೇನೆ.)


ಇಚಲಕರಂಜಿ
22 ಸೆಪ್ಟೆಂಬರ್ 1941

ಚಿ. ಬಾಳಕ್ಕನಿಗೆ ಆಶೀರ್ವಾದ.

ಹೊಗೆ ಹಿಡಿದ ಗಡಿಗೆಯ ವಿಷಯ ಓದಿ ಇಡೀ ದಿನ ಖುಷಿಯಾಗಿದ್ದೆ. ನನ್ನ ವರ್ಗದ ಹುಡುಗಿಯರಿಗೂ ಹೇಳಿದೆ. ಹಾಲು ಅಂಜಿ ಒಡೆದದ್ದು ಅವರಿಗೆ ಹೆಚ್ಚು ಹಿಡಿಸಿತು.

ನಿನ್ನ ಅಕ್ಷರದಲ್ಲಿ ದೋಷವಿಲ್ಲ, ಹುಚ್ಚಿ. ಮುತ್ತಿನಂಥ ಅಕ್ಷರ. ಮುತ್ತು ಸ್ವಲ್ಪ ದಪ್ಪಗಿರಲಿ ಎನ್ನುತ್ತೇನೆ, ಅಷ್ಟೇ. ಈ ಸಲದ್ದು ಚೆನ್ನಾಗಿ ಓದಲು ಬಂತು. ಇದೇ ಅಳತೆ ಇರಲಿ.

ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆದಿದ್ದೇನೆ ಅಂದುಕೊಂಡಿದ್ದೇನೆ. ಟಿಪ್ಪಣಿಗೆ ಸಹಿ ಹಾಕಿದೆ.

ಹೀರಾಬಾಯಿ


ನೇಸರಿ
9 ನವೆಂಬರ್ 1941

ಹೀರಾಬಾಯಿಯವರಿಗೆ ನಮಸ್ಕಾರ.

ಟಿಪ್ಪಣಿ ಎರಡು ಇಟ್ಟಿದ್ದೇನೆ.

ಬೀರವ್ವ ಹೋದಳು. ದೀಪಾವಳಿ ಮುಗಿದ ನಾಲ್ಕನೆಯ ದಿನ ಶಾಲೆಯ ಮುಂದೆಯೇ ಹಿಂಡು ಹಾದುಹೋಯಿತು. ಅವಳ ಹೆಗಲ ಮೇಲೆ ಒಂದು ಮರಿ ಇತ್ತು. ನನ್ನ ಕಡೆ ನೋಡಿ, "ಅಕ್ಕೋರ, ನನ್ನ ಪಾಟಿ ಅಲ್ಲೇ ಇರ್ಲಿರಿ, ಯಾರಿಗೂ ಕೊಡಬ್ಯಾಡ್ರಿ" ಎಂದಳು. ನಾನು ಹೂಂ ಎಂದೆ.

ಸೆಪ್ಟೆಂಬರಿನ ಪತ್ರದ ಕೊನೆಯಲ್ಲಿ ಪೆನ್ಸಿಲ್ಲಿನಲ್ಲಿ ಈ ವಿಷಯ ಬರೆದು ದಾರಿ ಕೇಳಿದ್ದೆ. ನೀವು ಒಂದು ಅಕ್ಷರ ಉತ್ತರ ಕೊಡಲಿಲ್ಲ. ಆಮೇಲಿನ ಪತ್ರದಲ್ಲಾದರೂ ಬರಬಹುದೆಂದು ಆರು ವಾರ ಕಾದೆ. ನಿಮಗೆ ಅಲ್ಲಿ ಕೆಲಸವಿರುತ್ತದೆ, ಒಬ್ಬ ಧನಗರರ ಹುಡುಗಿಯ ಬಗ್ಗೆ ಎಷ್ಟು ಎಂದು ಬರೆಯುತ್ತೀರಿ. ಆದರೆ ಅವಳ ಹತ್ತಿರ ಹೋಗಿ ನಿಲ್ಲು ಎಂದವರು ನೀವೇ. ನನಗೆ ಬೇಜಾರಾಗಿದೆ, ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ.

ಬಾಳಕ್ಕ


ಇಚಲಕರಂಜಿ
30 ನವೆಂಬರ್ 1941

ಬಾಳಕ್ಕ,

ನಿನ್ನ ಪತ್ರ ಬಂದ ಮೇಲೆ ಸೆಪ್ಟೆಂಬರಿನದನ್ನು ತೆಗೆದು ಅಂಗಳದ ಬಿಸಿಲಿಗೆ ಹಿಡಿದೆ. ಕೊನೆಯಲ್ಲಿ ಬೂದಿ ಚೆಲ್ಲಿದ ಹಾಗೆ ಏನೋ ಇದೆ ಎಂದಷ್ಟೇ ಕಂಡಿತು.

ನನಗೆ ಕಣ್ಣು ಕಾಣುವುದಿಲ್ಲ, ಬಾಳಕ್ಕ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೋತಿಬಿಂದು ಅನ್ನುತ್ತಾರಲ್ಲ, ಅದು. ಹೋದ ವರ್ಷದಿಂದ ಶುರುವಾಗಿ ಈಗ ಮುಂದಿನ ಸಾಲು ಮಸುಕು, ಹಿಂದಿನ ಸಾಲು ಇಲ್ಲವೇ ಇಲ್ಲ. ಕಪ್ಪು ಶಾಯಿಯ ದಪ್ಪ ಅಕ್ಷರವನ್ನು ಬಿಸಿಲಲ್ಲಿ ಕೂತು ಒಂದೊಂದಾಗಿ ಓದುತ್ತೇನೆ. ಒಂದು ಪತ್ರಕ್ಕೆ ಎರಡು ದಿನ ಹಿಡಿಯುತ್ತದೆ.

ಈಗ ಎಲ್ಲ ಹೇಳಿಬಿಡುತ್ತೇನೆ. ಅಕ್ಷರ ದೊಡ್ಡದು ಮಾಡು ಎಂದದ್ದು ನಿನ್ನ ಹಲಗೆಗಾಗಿ ಅಲ್ಲ, ನನಗೆ ಓದಲು ಬರಲಿ ಎಂದು. ಕುರ್ಚಿ ಹಿಂದಕ್ಕೆ ಹಾಕಿಸಿದ್ದು ದೂರದ ಮಕ್ಕಳು ಕಾಣದೆ ಹೋದದ್ದಕ್ಕೆ. ಉಸಿರು ಕೇಳುವುದೂ ಅದಕ್ಕೇ. ಕಾಗದ ಮಡಿಸುವುದು ಸಾಲು ಬೆರಳಿಗೆ ಸಿಗಲಿ ಎಂದು. ಅದನ್ನು ನೀನು ಉಪಾಯ ಎಂದು ಹೊಗಳಿದಾಗ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಬೀರವ್ವನ ಕೈ ಏನು ಮಾಡುತ್ತಿತ್ತು ಎಂದು ಕೇಳಿದ್ದು ನನ್ನ ಆಸೆಗೆ. ಮಕ್ಕಳ ಕೈಗಳನ್ನು ನೋಡದೆ ವರ್ಷವಾಯಿತು. ನಾನು ನಿನಗೆ ಕಲಿಸಿದ್ದು ಪಾಠ ಮಾಡುವ ಕ್ರಮವಲ್ಲ, ಕುರುಡಿಯೊಬ್ಬಳು ದಿನ ದೂಡುವ ರೀತಿ. ನಿನ್ನ ಕಣ್ಣಿಗೆ ಮಣ್ಣೆರಚಿದೆ.

ಯಾರಿಗೂ ಹೇಳಿಲ್ಲ. ಕೊಲ್ಹಾಪುರದಲ್ಲಿರುವ ನಮ್ಮಣ್ಣನ ಮಗಳು ಮಂಗಲಳಿಗೂ ಹೇಳಿಲ್ಲ. ತಿಳಿದರೆ ಕೆಲಸ ಹೋಗುತ್ತದೆ. ಡಾಕ್ಟರು ಕತ್ತಿ ಹಾಕಬೇಕು ಎಂದಿದ್ದಾರೆ. ನನಗೆ ಹೆದರಿಕೆ. ಇದ್ದ ಮಸುಕೂ ಹೋದರೆ?

ನೀನು ಬೇರೆ ಮಾರ್ಗದರ್ಶಿಯನ್ನು ಕೇಳಿಕೋ. ಇನ್ನೂ ಮೂರು ತಿಂಗಳಿದೆ. ನನ್ನಿಂದ ನಿನ್ನ ಸರ್ಟಿಫಿಕೇಟು, ಆ ಹುಡುಗಿಯರ ಶಾಲೆ, ಎರಡೂ ಹೋಗಬಾರದು.

ಬೀರವ್ವನ ಮಾತು. ಸೆಪ್ಟೆಂಬರಿನಲ್ಲಿ ಓದಿದ್ದರೆ ಆಗಲೇ ಬರೆಯುತ್ತಿದ್ದೆ. ಶೇಂಗಾ ಕಿತ್ತ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಧನಗರರು ಕರೆದವರ ಹೊಲಕ್ಕೇ ಹೋಗುತ್ತಾರೆ, ಜೋಳ ಕೊಟ್ಟರೆ ಸಾಕು. ಶಾಲೆಯ ಸುತ್ತ ಯಾರ ಯಾರ ಹೊಲ ಇವೆ, ಅವರಲ್ಲಿ ಯಾರ ಮಗಳು ನಿನ್ನ ವರ್ಗದಲ್ಲಿದ್ದಾಳೆ, ನೋಡು. ಹುಡುಗಿಯನ್ನು ಹಿಂಡಿನಿಂದ ಬಿಡಿಸಲು ಆಗುವುದಿಲ್ಲ. ಹಿಂಡನ್ನೇ ಶಾಲೆಯ ಹತ್ತಿರ ಕರೆಸಿಕೋ.

ಪೆನ್ಸಿಲ್ಲಿನಲ್ಲಿ ಇನ್ನೇನಾದರೂ ಬರೆದಿದ್ದರೆ ಈಗ ಹೇಳು. ಇನ್ನೊಬ್ಬರಿಂದ ಓದಿಸಲು ಮನಸ್ಸಿಲ್ಲ.

ಹೀರಾಬಾಯಿ


ನೇಸರಿ
11 ಡಿಸೆಂಬರ್ 1941

ಪೂಜ್ಯ ಬಾಯಿಯವರಿಗೆ,

ಈ ಪತ್ರದಲ್ಲಿ ಒಂದು ಹಾಳೆಗೆ ಎಂಟೇ ಸಾಲು ಬರೆಯುತ್ತಿದ್ದೇನೆ. ಕಂಡಿತೇ?

ಹೋದ ಪತ್ರ ಬರೆದ ಕೈಯನ್ನು ಮುರಿದು ಹಾಕಬೇಕು ಅನಿಸಿತು. ಎರಡು ದಿನ ಬಿಸಿಲಲ್ಲಿ ಕೂತು ನೀವು ಓದಿದ್ದು ನನ್ನ ಸಿಟ್ಟನ್ನು.

ಬೇರೆ ಮಾರ್ಗದರ್ಶಿ ನನಗೆ ಬೇಡ. ನೀವು ಏತಕ್ಕೆ ಹೇಳಿದಿರೋ ಅದು ನಿಮಗೆ ಬಿಟ್ಟದ್ದು. ಕಿಟಕಿಯಿಲ್ಲದ ಮೂಲೆಯಲ್ಲಿ ಕೂತ ನನ್ನ ಹುಡುಗಿಯರಿಗೂ ಏನೂ ಕಾಣುತ್ತಿರಲಿಲ್ಲ. ಕಣ್ಣು ಚೆನ್ನಾಗಿದ್ದವರು ಯಾರೂ ಅದನ್ನು ನನಗೆ ಹೇಳಿಕೊಡಲಿಲ್ಲ.

ಪೆನ್ಸಿಲ್ಲಿನಲ್ಲಿ ಬೀರವ್ವನ ವಿಷಯ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆ ಪತ್ರ ಒಲೆಗೆ ಹಾಕಿದರೂ ನಡೆದೀತು.

ಒಂದು ಕರಾರು. ಮಾರ್ಚಿನಲ್ಲಿ ನಾನು ದಿಪೂಟಿ ಸಾಹೇಬರ ಮುಂದೆ ನಿಲ್ಲುತ್ತೇನೆ. ಏಪ್ರಿಲ್‌ನಲ್ಲಿ ನೀವು ಮಿರಜಿನ ದವಾಖಾನೆಗೆ ಹೋಗಿ ಕಣ್ಣು ತೋರಿಸಬೇಕು. ಇಬ್ಬರಿಗೂ ಹೆದರಿಕೆ ಇದೆ, ಲೆಕ್ಕ ಸರಿಹೋಯಿತು.

ಸಾತಪ್ಪ ಎಂಬ ರೈತರ ಶೇಂಗಾ ಹೊಲ ಶಾಲೆಯ ಹಿಂದೆಯೇ ಇದೆ. ಅವರ ಮಗಳು ಎರಡನೆಯ ಸಾಲಿನಲ್ಲಿ ಕೂರುತ್ತಾಳೆ. ನಾಳೆ ಹೋಗುತ್ತೇನೆ.

ನಿಮ್ಮ ಬಾಳಕ್ಕ


ಇಚಲಕರಂಜಿ
8 ಜನವರಿ 1942

ಚಿ. ಬಾಳಕ್ಕನಿಗೆ ಆಶೀರ್ವಾದ.

ಎಂಟು ಸಾಲೂ ಕಂಡವು. ಗೋಡೆಯ ಮೇಲೆ ಬರೆದಂತಿವೆ.

ಹಿರಿಯರಿಗೆ ಕರಾರು ಹಾಕುವುದನ್ನು ಯಾವ ತರಬೇತಿಯಲ್ಲಿ ಕಲಿತೆ? ಆಗಲಿ, ಒಪ್ಪಿದೆ. ಮಂಗಲಳಿಗೆ ಹೇಳಿದೆ. ಒಂದು ದಿನ ಪೂರ್ತಿ ಅತ್ತಳು, ಮರುದಿನ ನನ್ನನ್ನು ಬೈದಳು. ನಮ್ಮ ಹೆಡ್‌ಬಾಯಿಯವರಿಗೂ ನಾನೇ ಹೋಗಿ ಹೇಳಿದೆ. ರಜೆ ಕೊಡುತ್ತಾರಂತೆ, ಆಮೇಲಿನದು ಕಣ್ಣು ಬಂದ ಮೇಲೆ. ಮಂಗಲ ಬೇಸಿಗೆಯವರೆಗೆ ಇಲ್ಲೇ ನನ್ನ ಜೊತೆ ಇರುತ್ತಾಳೆ. ನಿನ್ನ ಟಿಪ್ಪಣಿಗಳನ್ನು ಇನ್ನು ಅವಳು ಓದಿ ಹೇಳುತ್ತಾಳೆ, ನಾನು ಸಹಿ ಮಾಡುತ್ತೇನೆ. ಪತ್ರ ಮಾತ್ರ ನಾನೇ ಓದುತ್ತೇನೆ, ಎಷ್ಟು ದಿನ ಹಿಡಿದರೂ.

ಕುರಿಗಳು ಬಂದವೇ?

ಹೀರಾಬಾಯಿ


ಗಡಹಿಂಗ್ಲಜ
18 ಮಾರ್ಚ್ 1942

ಪೂಜ್ಯ ಬಾಯಿಯವರಿಗೆ,

ಟಪಾಲು ಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನೇಸರಿಗೆ ಹೋಗಿ ಬರೆಯುವಷ್ಟು ತಾಳ್ಮೆ ಇಲ್ಲ. ಪಾಸಾದೆ. ಇಲ್ಲಿಯ ಕಚೇರಿಯಲ್ಲಿ ಕೊಟ್ಟ ಕಾಗದ ಕೈಯಲ್ಲಿದೆ. ಶಾಲೆ ಉಳಿಯಿತು.

ಈಗ ವಿವರ. ಕುರಿಗಳು ಫೆಬ್ರುವರಿಯಲ್ಲಿ ಬಂದವು. ಸಾತಪ್ಪನವರು ಮೊದಲು, "ಅಕ್ಕೋರ, ಸಾಲಿಗೂ ಕುರೀ ಹಿಕ್ಕೀಗೂ ಏನ್ ಸಂಬಂಧ್ರಿ?" ಎಂದು ನಕ್ಕರು. ಆಮೇಲೆ ಮಗಳ ಮುಖ ನೋಡಿ ಒಪ್ಪಿದರು. ಹಿಂಡು ಒಂದು ತಿಂಗಳು ನಿಂತಿತು. ಸಾತಪ್ಪನವರ ಹೊಲ ಆದ ಮೇಲೆ ಆಚೆಯವರು ಕರೆದರು. ಬೀರವ್ವ ಕುರಿ ಬಿಡುವ ಮೊದಲು ಎರಡು ತಾಸು ಬರುತ್ತಿದ್ದಳು. ಪಾಟಿ ಇಟ್ಟಲ್ಲೇ ಇತ್ತು.

ನಿನ್ನೆ ದಿಪೂಟಿ ಸಾಹೇಬರು ಬಂದರು. ಪಾಠ: ನಮ್ಮೂರಿನಿಂದ ಗಡಹಿಂಗ್ಲಜಕ್ಕೆ ದಾರಿ, ದಿಕ್ಕುಗಳು. ಮೊದಲು ಟಿಪ್ಪಣಿ ಕೇಳಿದರು. ನೋಡುತ್ತಿದ್ದಂತೆ ಹುಬ್ಬು ಗಂಟಾಯಿತು. "ಏನ್ರಿ ಇದು, ಉತ್ತರದ ಅಂಕಣ ಪೂರಾ ಖಾಲಿ ಐತಿ?"

ನಾನು ಹೇಳಿದೆ: "ಅದನ್ನ ಅವರು ಹೇಳಿದ ಮ್ಯಾಲೆ ತುಂಬತೀನ್ರಿ ಸಾಹೇಬ್ರ."

ಅವರು ಹಿಂದೆ ಹೋಗಿ ಕುರ್ಚಿಯಲ್ಲಿ ಕೂತರು. ನಾನು ಹಲಗೆಯ ಮೇಲೆ ನಮ್ಮೂರು ಎಂದು ಒಂದು ದಪ್ಪ ಚುಕ್ಕೆ ಇಟ್ಟು, ನಡೆದು ಅವರ ಪಕ್ಕದಲ್ಲೇ ಹೋಗಿ ನಿಂತೆ. ಸಾಹೇಬರು ಗಾಬರಿಯಾಗಿ ಅರ್ಧ ಎದ್ದರು, ಏನಾದರೂ ಹೇಳಲು ಬಂದಳೇನೋ ಎಂದು. ನಾನು ಅಲ್ಲಿಂದಲೇ ಕೇಳಿದೆ, ಗಡಹಿಂಗ್ಲಜ ಯಾವ ದಿಕ್ಕಿಗಿದೆ?

ಅಲಕಾ ಎದ್ದಳು. "ಪಶ್ಚಿಮಕ್ಕರಿ! ನಮ್ಮ ಅಜ್ಜ ಹೊತ್ತು ಮುಳುಗೂ ಮುಂದ ಅಲ್ಲಿ ಮುಟ್ತಾನ್ರಿ." ಸಾಹೇಬರ ಪೆನ್ಸಿಲು ಏನೋ ಬರೆಯಿತು. ಅವಳನ್ನು ಸುಮ್ಮನಿರಿಸಿ ಸರಿ ಉತ್ತರ ಹೇಳಿಬಿಡಲೇ ಅನಿಸಿತು. ನಿಮ್ಮ ನೆನಪಾಯಿತು. ಮುಂದೆ ಹೋಗಿ ಪಶ್ಚಿಮ ಎಂದೇ ದೊಡ್ಡದಾಗಿ ಬರೆದು, "ಯಾರಿಗೆ ಹೌದನಸ್ತೈತಿ, ಯಾರಿಗೆ ಅಲ್ಲ?" ಎಂದೆ.

ಮೂಲೆಯಿಂದ ಆ ದಪ್ಪ ದನಿ. "ಅಲ್ರಿ. ಮುಂಜಾನಿ ಹಿಂಡ ಹೊಡಕೊಂಡು ಹೋಗೂ ಮುಂದ ಬಿಸಲು ನನ್ನ ಬಲಗಲ್ಲಕ್ಕ ಬೀಳ್ತೈತ್ರಿ. ಗಡಹಿಂಗ್ಲಜ ಮುಟ್ಟೂತನಕಾ ಬಲಗಲ್ಲನ ಸುಡ್ತೈತಿ." ಹೇಳುತ್ತಾ ಅಂಗೈಯಿಂದ ಕೆನ್ನೆ ಮುಚ್ಚಿಕೊಂಡಳು. ಇಡೀ ವರ್ಗ ಎದ್ದು ನಿಂತು ಬಲಗೆನ್ನೆ ಮೂಡಲಕ್ಕೆ ಮಾಡಿ ತಿರುಗಿತು. ಎಲ್ಲರ ಮೂಗೂ ಉತ್ತರಕ್ಕೆ. ಅಲಕಾ ತಾನೇ ಹೋಗಿ ಪಶ್ಚಿಮ ಅಳಿಸಿ ಉತ್ತರ ಎಂದು ಬರೆದಳು. ಬಾಯಿ, ದಿಪೂಟಿ ಸಾಹೇಬರೂ ಕೂತಲ್ಲೇ ಮುಖ ತಿರುಗಿಸಿ ನೋಡಿಕೊಂಡರು, ನಾನು ಕಂಡೆ.

ಹೋಗುವಾಗ ಕೇಳಿದರು, "ಹಿಂದ ಹೋಗಿ ನಿಂದ್ರೂದು ಯಾರು ಕಲಿಸಿದ್ರಿ ನಿಮಗ?" ನಾನು ನಿಮ್ಮ ಹೆಸರು ಹೇಳಿದೆ. ಷರಾದಲ್ಲಿ ಬರೆದಿದ್ದಾರೆ: "ಹಲಗೆಯ ಮೇಲಿನ ಬರಹ ಕೊನೆಯ ಸಾಲಿನಿಂದ ಸ್ವಚ್ಛವಾಗಿ ಕಾಣುತ್ತದೆ." ಆ ಸಾಲನ್ನು ನೂರು ಸಲ ಓದಿದೆ.

ನನ್ನ ಪಾಲಿನ ಕರಾರು ಮುಗಿಯಿತು. ಇನ್ನು ನಿಮ್ಮದು. ಅಣ್ಣ ಉದಗಾಂವದಿಂದ ಮಿರಜಿಗೆ ಬರುತ್ತಾನೆ, ನಿಮ್ಮ ಜೊತೆ ಇರಲು ನಾನೇ ಹೇಳಿದ್ದೇನೆ. ಹೆದರಬೇಡಿ. ಬಿದ್ದರೆ ಖಡು ಬೀಳುತ್ತದೆ, ನೀವಲ್ಲ.

ನಿಮ್ಮ ಬಾಳಕ್ಕ


ಕೊಲ್ಹಾಪುರ
24 ಮೇ 1942

ಚಿ. ಬಾಳಕ್ಕ,

ಮಂಗಲಳ ಮನೆಯಲ್ಲಿದ್ದೇನೆ. ಬಲಗಣ್ಣಿಗೆ ಕತ್ತಿ ಹಾಕಿ ಐದು ವಾರವಾಯಿತು, ಎಡಗಣ್ಣು ಮಳೆಗಾಲ ಕಳೆದ ಮೇಲೆ. ನಿಮ್ಮಣ್ಣ ಮೂರು ದಿನ ಹಾಸಿಗೆಯ ಪಕ್ಕದಲ್ಲಿ ಕೂತು ಉದಗಾಂವದ ಬದನೆಕಾಯಿಯ ಬೆಲೆ ಹೇಳಿದ. ಒಳ್ಳೆಯ ಮನುಷ್ಯ. ನೀನು ಇನ್ನು ನೇಸರಿಯಲ್ಲೇ ಇರುತ್ತೀ ಎಂದು ಅವನೇ ಹೇಳಿ, ಕಣ್ಣು ಒರೆಸಿಕೊಂಡ ಸದ್ದು ಕೇಳಿದೆ.

ನಿನ್ನೆ ದಪ್ಪ ಗಾಜಿನ ಕನ್ನಡಕ ಬಂತು. ಹಾಕಿಕೊಂಡು ಮೊದಲು ಮಂಗಲಳ ಮುಖ ನೋಡಿದೆ. ದಪ್ಪಗಾಗಿದ್ದಾಳೆ, ಯಾರೂ ಹೇಳಿರಲಿಲ್ಲ. ಆಮೇಲೆ ನಿನ್ನ ಪತ್ರಗಳನ್ನು ತೆಗೆದೆ. ಗಡಹಿಂಗ್ಲಜದಿಂದ ಬರೆದದ್ದನ್ನು ನೋಡಿ ಗಾಬರಿಯಾಯಿತು. ಒಂದೊಂದು ಅಕ್ಷರ ಒಂದೊಂದು ಎಮ್ಮೆ! ಯುದ್ಧದ ಕಾಲದಲ್ಲಿ ಇಷ್ಟು ಕಾಗದ ದುಂದು ಮಾಡುತ್ತಾರೇನೇ? ಇನ್ನು ಮೇಲೆ ಸಣ್ಣದಾಗಿ ಬರಿ. ಎಷ್ಟು ಬೇಕಾದರೂ ಸಣ್ಣದು ಮಾಡು, ನಾನು ಓದುತ್ತೇನೆ.

ಜೂನ್‌ನಲ್ಲಿ ಶಾಲೆಗೆ ಮರಳಿ ಬರಲು ಹೇಳಿದ್ದಾರೆ. ಕುರ್ಚಿ ಹಿಂದೆಯೇ ಇರಲಿ ಎಂದು ಈಗಲೇ ಹೇಳಿ ಕಳಿಸಿದ್ದೇನೆ.

ಎಲ್ಲ ಪತ್ರಗಳನ್ನು ಮೊದಲಿನಿಂದ ಒಂದೊಂದಾಗಿ ಓದಿದೆ. ಸೆಪ್ಟೆಂಬರಿನದೂ ಬಂತು. ಕೊನೆಯಲ್ಲಿ ಪೆನ್ಸಿಲ್ಲಿನ ಏಳೆಂಟು ಸಾಲು. ಬೀರವ್ವನ ವಿಷಯ ಬಿಟ್ಟರೆ ಬೇರೆ ಏನೂ ಇರಲಿಲ್ಲ ಎಂದು ಬರೆದಿದ್ದೆ. ಸುಳ್ಳಿ. ಉತ್ತರದ ಅಂಕಣವನ್ನು ಮತ್ತೆ ನೀನೇ ತುಂಬಿಕೊಂಡೆ. ನಾನು ಸುಮ್ಮನಿದ್ದದ್ದನ್ನು ಬೇಡ ಎಂದು ಓದಿಕೊಂಡು, ಎಂಟು ತಿಂಗಳು ನನ್ನ ಮೇಲೆ ಆ ಭಾರ ಹೊರಿಸದೆ, ಬಾಯಿ ಬಾಯಿ ಎಂದು ಬರೆದೆಯಲ್ಲ.

ಹೇಳುವವರು ಹೇಳುವ ಮೊದಲು ಅವರ ಉತ್ತರ ಬರೆಯಬಾರದು ಎಂದು ನಿನಗೆ ಎಷ್ಟು ಸಲ ಹೇಳಬೇಕು? ಈಗ ನನ್ನ ಉತ್ತರ ಬರೆದುಕೋ. ಕರಿ. ಪತ್ರದಲ್ಲಿ ಮಾತ್ರ ಅಲ್ಲ, ರಜೆಯಲ್ಲಿ ಇಲ್ಲಿಗೆ ಬಂದು, ಹೊಸಿಲ ಮೇಲೆ ನಿಂತು, ಓಣಿಗೆಲ್ಲ ಕೇಳುವಂತೆ ಕರಿ. ಬಿಸಿ ರೊಟ್ಟಿ ಮಾಡಿ ಹಾಕುತ್ತೇನೆ.

ನಿನ್ನ
ಅವ್ವ